ಒಳಗೆ ನೀರು ಕಡಿಮೆ, ಹೊರಗೆ ಉಜ್ಜಾಟ ಕಡಿಮೆ: ಸ್ಪೋರ್ಟ್ಸ್ ಕಾರನ್ನು ಮನೆಯಲ್ಲೇ ತೊಳೆಯುವ ಕ್ರಮ

ಬೆಂಗಳೂರಿನ ಯಾವುದೇ ಅಪಾರ್ಟ್‌ಮೆಂಟಿನ ಪಾರ್ಕಿಂಗಿಗೆ ಬೆಳಿಗ್ಗೆ ಆರಕ್ಕೆ ಇಳಿದು ನೋಡಿ. ಒಂದು ಬಕೆಟ್ ನೀರು, ಒಂದೇ ಬಟ್ಟೆ, ಸಾಲಾಗಿ ಹತ್ತು ಕಾರು. ಮೊದಲ ಕಾರಿನಿಂದ ಒರೆಸಿದ ಧೂಳು ಹತ್ತನೆಯ ಕಾರಿಗೆ ಬರುವಷ್ಟರಲ್ಲಿ ಸ್ಯಾಂಡ್‌ಪೇಪರಿನ ಕೆಲಸ ಮಾಡಿರುತ್ತದೆ. ಬಿಳಿ ಹ್ಯಾಚ್‌ಬ್ಯಾಕಿನಲ್ಲಿ ಆ ಗೀರು ಕಣ್ಣಿಗೆ ಬೀಳುವುದಿಲ್ಲ. ಕಪ್ಪು ಅಥವಾ ಕಡುನೀಲಿ ಸ್ಪೋರ್ಟ್ಸ್ ಕಾರಿನಲ್ಲಿ ಬಿಸಿಲು ಬಿದ್ದ ಕೂಡಲೇ ಜೇಡರ ಬಲೆಯಂತೆ ಸುತ್ತುಸುತ್ತಾಗಿ ಎದ್ದು ಕಾಣುತ್ತದೆ. ಬಾನೆಟ್ ಒಳಗಿನ ಕಥೆ ಇದಕ್ಕೆ ತದ್ವಿರುದ್ಧ. ಅಲ್ಲಿ ಹಾಳು ಮಾಡುವುದು ಬಟ್ಟೆಯಲ್ಲ, ಜೋರಾಗಿ ಹೊಡೆದ ನೀರು. ಮುಂದೆ ಹೇಳುವುದೆಲ್ಲ ಈ ಎರಡು ಮಾತಿನ ವಿಸ್ತರಣೆಯೇ.

ಉದಾಹರಣೆಗೆ 2016ರಲ್ಲಿ ಭಾರತಕ್ಕೆ ಬಂದ ಫೋರ್ಡ್ ಮಸ್ಟ್ಯಾಂಗ್ ಜಿಟಿಯನ್ನು ಇಟ್ಟುಕೊಳ್ಳೋಣ. 5 ಲೀಟರಿನ ವಿ8 (ಎಂಟು ಸಿಲಿಂಡರಿನ) ಎಂಜಿನ್ ಮುಂದೆಯೇ ಇದೆ, ಬಾನೆಟ್ ಎತ್ತಿದರೆ ಎಲ್ಲವೂ ಕೈಗೆ ಸಿಗುತ್ತದೆ. ನಿಮ್ಮದು ಪೋರ್ಷ ಬಾಕ್‌ಸ್ಟರ್ ಅಥವಾ ಕೇಮನ್ ಆಗಿದ್ದರೆ ಎಂಜಿನ್ ಸೀಟಿನ ಹಿಂದೆ ಅಡಗಿರುತ್ತದೆ. ಮಾಲೀಕರು ಅದನ್ನು ತೆರೆದು ತೊಳೆಯಲಿ ಎಂದು ಆ ಕಾರನ್ನು ಕಟ್ಟಿಲ್ಲ, ಎಂಜಿನ್ ಭಾಗವನ್ನು ಬಿಟ್ಟು ನೇರವಾಗಿ ಪೇಂಟಿನ ಭಾಗಕ್ಕೆ ಹೋಗಿ. ಹೊಸ ತಲೆಮಾರಿನ 911ರಲ್ಲೂ ಹಿಂದಿನ ಮುಚ್ಚಳ ಎತ್ತಿದರೆ ಕಾಣುವುದು ಮುಖ್ಯವಾಗಿ ಫ್ಯಾನ್‌ಗಳು. ಅಲ್ಲಿ ಒದ್ದೆ ಬಟ್ಟೆ ಸಾಕು.

ಮೊದಲು ನೀರಿನ ವಿಚಾರ

ಶಾಂಪೂ ಯಾವುದು, ವ್ಯಾಕ್ಸ್ ಯಾವುದು ಎಂದು ತಲೆ ಕೆಡಿಸಿಕೊಳ್ಳುವ ಮೊದಲು ನಲ್ಲಿಯಲ್ಲಿ ಯಾವ ನೀರು ಬರುತ್ತದೆ ಎಂದು ತಿಳಿದುಕೊಳ್ಳಿ. 2024ರ ಮಾರ್ಚ್‌ನಲ್ಲಿ, ಬರಗಾಲದ ಬಿಸಿಯಲ್ಲಿ, ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. 2025ರ ಬೇಸಿಗೆ ಹೊಸ್ತಿಲಲ್ಲಿ ಮತ್ತೆ ಅದೇ ಆದೇಶ ಬಂತು. ಹಾಗಾಗಿ ಕಾವೇರಿ ನೀರಿನ ಪೈಪ್ ಹಿಡಿದು ನಿಲ್ಲುವ ಯೋಚನೆ ಬಿಡಿ.

ಉಳಿಯುವುದು ಬೋರ್‌ವೆಲ್. ಇದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಧಾರಾಳ. ಬಿಸಿಲಿಗೆ ಹನಿ ಆರಿದರೆ ಬಿಳಿ ಉಂಗುರ ಉಳಿಯುತ್ತದೆ. ಹಾಗೇ ಬಿಟ್ಟರೆ ಪೇಂಟಿನ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟನ್ನೇ ಕೊರೆಯುತ್ತದೆ. ನೀರಿನಲ್ಲಿ ಕರಗಿದ ಲವಣವನ್ನು ಅಳೆಯುವ ಚಿಕ್ಕ ಟಿಡಿಎಸ್ ಮೀಟರ್ ಇದ್ದರೆ ನೋಡಿ. ಕುಡಿಯುವ ನೀರಿಗೆ ಭಾರತೀಯ ಮಾನದಂಡ ಒಪ್ಪುವ ಮಟ್ಟ ಲೀಟರಿಗೆ 500 ಮಿಲಿಗ್ರಾಂ, ಆದರೆ ಕಪ್ಪು ಪೇಂಟಿನ ಮೇಲೆ ಅಷ್ಟಿದ್ದರೂ ಕಲೆ ಗ್ಯಾರಂಟಿ. ಅಪಾರ್ಟ್‌ಮೆಂಟಿನ ಸಾಫ್ಟ್‌ನರ್ ಘಟಕದ ನೀರು ಸ್ವಲ್ಪ ವಾಸಿ. ಅದು ಟಿಡಿಎಸ್ ಇಳಿಸುವುದಿಲ್ಲ, ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತದೆ ಅಷ್ಟೇ. ಕಲೆ ಬಿದ್ದರೂ ಒರೆಸಿದರೆ ಹೋಗುತ್ತದೆ. ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಕಾರಿಗೆ ಬಳಸುವುದು ಉಳಿತಾಯದಂತೆ ಕಂಡರೂ, ಶುದ್ಧ ನೀರಿನಿಂದ ತೆಗೆದ ಲವಣವೆಲ್ಲ ಅದರಲ್ಲೇ ಇರುವುದರಿಂದ ಗಿಡಗಳಿಗೂ ಯೋಚಿಸಿ ಹಾಕಬೇಕಾದ ನೀರದು. ಪಾಯಿಖಾನೆಗೆ ಬಳಸಿ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು ಮಳೆ ನೀರು. ಮನೆಯಲ್ಲಿ ಮಳೆಕೊಯ್ಲಿನ ಸಂಪ್ ಇದ್ದರೆ, ಮೊದಲ ಮಳೆ ಚಾವಣಿ ತೊಳೆದುಹೋದ ಮೇಲೆ ಶೇಖರವಾದ ನೀರನ್ನು ಬಟ್ಟೆಯಲ್ಲಿ ಸೋಸಿ ಇಟ್ಟುಕೊಳ್ಳಿ. ಲವಣವೇ ಇಲ್ಲದಂಥ ನೀರು. ಎಸಿ ಪೈಪಿನಿಂದ ತೊಟ್ಟಿಕ್ಕುವ ನೀರೂ ಹಾಗೆಯೇ, ಕೊನೆಯ ಒಂದು ಸುತ್ತಿಗೆ ಅದನ್ನು ಸ್ಪ್ರೇ ಬಾಟಲಿಗೆ ತುಂಬಿಕೊಳ್ಳಬಹುದು.

ಬೇಕಾದ ಸಾಮಾನು

ದುಬಾರಿ ಕಿಟ್ ಬೇಕಿಲ್ಲ. ಹದಿನೈದು ಲೀಟರಿನ ಎರಡು ಬಕೆಟ್, ಚಕ್ರಕ್ಕೆ ಮತ್ತೊಂದು ಹಳೆಯ ಬಕೆಟ್. ಗಿಡಕ್ಕೆ ಔಷಧಿ ಹೊಡೆಯುವ ಎರಡು ಲೀಟರಿನ ಕೈಪಂಪು, ಹೊಸದೇ ಆಗಿರಲಿ, ಕೀಟನಾಶಕ ತುಂಬಿದ್ದು ಬೇಡ. ಮೈಕ್ರೋಫೈಬರ್ ಬಟ್ಟೆ ಹತ್ತು ಹನ್ನೆರಡು, ಒಣಗಿಸಲು ದಪ್ಪನೆಯ ಟವೆಲ್ ಒಂದು, ತೊಳೆಯಲು ಮೈಕ್ರೋಫೈಬರಿನ ಕೈಗವಸು. ಪಿಎಚ್ ಸಮತೋಲನದ, ಅಂದರೆ ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ ಕಾರ್ ಶಾಂಪೂ. ಆಲ್ ಪರ್ಪಸ್ ಕ್ಲೀನರ್ ಒಂದು ಬಾಟಲಿ. ಹಾರ್ಡ್‌ವೇರ್ ಅಂಗಡಿಯ ಒಂದೂವರೆ ಇಂಚಿನ ಮೆತ್ತನೆ ಪೇಂಟ್ ಬ್ರಷ್ ಎರಡು. ಬ್ರಷ್ಷಿನ ತಗಡಿನ ಪಟ್ಟಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಇಲ್ಲದಿದ್ದರೆ ಆ ತಗಡೇ ಗೀರುತ್ತದೆ. ರಬ್ಬರ್ ಗ್ಲೌಸ್, ಮಾಸ್ಕ್, ಪ್ಲಾಸ್ಟಿಕ್ ಕವರ್, ರಬ್ಬರ್ ಬ್ಯಾಂಡ್, ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್.

ಬೇಡವಾದವನ್ನೂ ಹೇಳಿಬಿಡುತ್ತೇನೆ. ತಲೆಗೆ ಹಾಕುವ ಶಾಂಪೂ ಸ್ಯಾಶೆ, ಪಾತ್ರೆ ತೊಳೆಯುವ ದ್ರವ, ಬಟ್ಟೆ ಪುಡಿ, ಅಜ್ಜನ ಕಾಲದ ಹಳದಿ ಬಟ್ಟೆ, ಹಳೆ ಬನಿಯನ್, ಡಿಕ್ಕಿಯಲ್ಲಿ ಬಿದ್ದಿರುವ ಒಣ ಡಸ್ಟರ್. ಕೊನೆಯದನ್ನು ಮೊದಲು ಎಸೆಯಿರಿ.

ಬಾನೆಟ್ ಎತ್ತಿದ ಮೇಲೆ

ಎಂಜಿನ್ ಭಾಗವನ್ನು ಬಾಡಿಗಿಂತ ಮೊದಲೇ ಮಾಡಬೇಕು. ಅಲ್ಲಿಂದ ಹರಿಯುವ ಎಣ್ಣೆಗಪ್ಪು ನೀರು ಫೆಂಡರಿಗೂ ಬಂಪರಿಗೂ ತಾಗದೆ ಇರುವುದಿಲ್ಲ.

ಎಂಜಿನ್ ಉಗುರು ಬೆಚ್ಚಗಿರಲಿ. ಈಗಷ್ಟೇ ನಂದಿ ಬೆಟ್ಟಕ್ಕೆ ಹೋಗಿ ಬಂದ ಕಾರಿನ ಎಕ್ಸಾಸ್ಟ್ ಪೈಪುಗಳು ಸುಡುವಷ್ಟು ಕಾದಿರುತ್ತವೆ. ಅದರ ಮೇಲೆ ತಣ್ಣೀರು ಬಿದ್ದರೆ ಲೋಹಕ್ಕೆ ಕೇಡು, ಕ್ಲೀನರ್ ಬಿದ್ದರೆ ಬೆಂದು ಕಲೆಯಾಗುತ್ತದೆ. ಎಂಜಿನ್ ಮುಚ್ಚಳದ ಮೇಲೆ ಅಂಗೈ ಆರಾಮವಾಗಿ ಇಡುವಂತಾದ ಮೇಲೆ ಕೈ ಹಾಕಿ. ಕೀಲೆಸ್ ಕಾರಾದರೆ ಕೀಯನ್ನು ಮನೆಯೊಳಗೆ ಬಿಟ್ಟು ಬನ್ನಿ. ಎಂಜಿನ್ ಆರಿಸಿದ ಮೇಲೂ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗುವ ಕಾರುಗಳಿವೆ, ಬೆರಳು ಅತ್ತ ಹೋಗದಿರಲಿ.

ಶುರು ಮಾಡುವ ಮೊದಲು ಮೊಬೈಲಿನಲ್ಲಿ ನಾಲ್ಕಾರು ಫೋಟೋ ತೆಗೆಯಿರಿ. ಸುಮ್ಮನೆ ಹೇಳುತ್ತಿಲ್ಲ. ಗ್ಯಾಸ್ಕೆಟ್ ಅಂಚಿನ ಎಣ್ಣೆ ಜಿನುಗು, ಹೋಸಿನ ಕ್ಲಿಪ್ಪಿನ ಬಳಿ ಕೂಲೆಂಟ್ ಒಣಗಿ ಉಳಿದ ಬಣ್ಣದ ಹುಡಿ ಇವೆಲ್ಲ ಮೆಕ್ಯಾನಿಕ್‌ಗೆ ಸಾಕ್ಷಿ. ತೊಳೆದುಬಿಟ್ಟರೆ ಸೋರಿಕೆ ಎಲ್ಲಿಂದ ಎಂದು ಅವನೂ ಹುಡುಕಬೇಕು. ಹಳೆಯ ಕಾರು ಮಾರುವವರು ಎಂಜಿನ್ ಫಳಫಳ ಹೊಳೆಯುವಂತೆ ಮಾಡಿಡುವುದು ಏಕೆಂದು ಇದರಿಂದಲೇ ಊಹಿಸಿಕೊಳ್ಳಿ. ಕೊಳ್ಳಲು ಹೋದಾಗ ನಾನಂತೂ ಧೂಳು ಕೂತ ಎಂಜಿನ್ನನ್ನೇ ಹೆಚ್ಚು ನಂಬುತ್ತೇನೆ.

ಮುಂದಿನದು ಕಸ. ವೈಪರ್ ಕೆಳಗಿನ ತೊಟ್ಟಿಯಲ್ಲಿ ಗುಲ್‌ಮೊಹರಿನ ಸಣ್ಣೆಲೆ, ಮಳೆಮರದ ಹೂವು, ಬೇಸಿಗೆಗೆ ಮುಂಚೆ ಟಬೂಬಿಯಾದ ಗುಲಾಬಿ ಪಕಳೆ ಎಲ್ಲವೂ ಸೇರಿಕೊಂಡು ಕೊಳೆತು ನೀರು ಹೋಗುವ ತೂತನ್ನು ಮುಚ್ಚುತ್ತವೆ. ಮಳೆಗಾಲದಲ್ಲಿ ಆ ನೀರು ದಾರಿ ಹುಡುಕಿಕೊಂಡು ಪ್ರಯಾಣಿಕರ ಕಾಲ ಬುಡಕ್ಕೇ ಬರುತ್ತದೆ. ಕೈಯಿಂದ ಎಲ್ಲ ಎತ್ತಿ, ಒಂದು ಲೋಟ ನೀರು ಹೊಯ್ದು ಕೆಳಗೆ ಇಳಿಯುತ್ತದೆಯೇ ನೋಡಿ.

ಇನ್ನು ಇಲಿ. ವಾರಕ್ಕೊಮ್ಮೆ ಮಾತ್ರ ಹೊರಬರುವ ಸ್ಪೋರ್ಟ್ಸ್ ಕಾರು ಅವಕ್ಕೆ ಬಿಡದಿ ಮನೆ. ಎಂಜಿನ್ ಕವರ್ ತೆಗೆದು ಅಡಿಯಲ್ಲಿ, ಏರ್ ಫಿಲ್ಟರ್ ಡಬ್ಬದ ಸಂದಿಯಲ್ಲಿ, ಬಾನೆಟ್ಟಿನ ಒಳಹೊದಿಕೆಯಲ್ಲಿ ನೋಡಿ. ಹಿಕ್ಕೆ, ಕಡಲೆಕಾಯಿ ಸಿಪ್ಪೆ ಕಂಡರೆ ಬ್ಲೋವರ್ ಹಿಡಿಯಬೇಡಿ, ಒಣ ಹುಡಿ ಮುಖಕ್ಕೆ ಹಾರುತ್ತದೆ. ಇಲಿಯ ಮೂತ್ರದಿಂದ ಇಲಿ ಜ್ವರ ಹರಡುತ್ತದೆ, ಕೈಯಲ್ಲಿ ಗಾಯವಿದ್ದರಂತೂ ಜೋಕೆ. ಗ್ಲೌಸ್, ಮಾಸ್ಕ್ ಹಾಕಿ, ಸೋಂಕುನಾಶಕ ಬೆರೆಸಿದ ನೀರು ಚಿಮುಕಿಸಿ, ನೆನೆದ ಮೇಲೆ ಕಾಗದದಲ್ಲಿ ಎತ್ತಿ. ಕಡಿದ ವೈರ್ ಕಂಡರೆ ಅಲ್ಲಿಗೇ ನಿಲ್ಲಿಸಿ. ತಾಮ್ರ ಹೊರಬಂದ ವೈರಿಗೆ ನೀರು ತೋರಿಸಬಾರದು.

ಈಗ ಮುಚ್ಚುವ ಕೆಲಸ. ಗಾಳಿ ಒಳಹೋಗುವ ಬಾಯಿ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಫ್ಯೂಸ್ ಡಬ್ಬ, ಬ್ಯಾಟರಿ, ಇಸಿಯುವಿನ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ) ಕನೆಕ್ಟರ್, ಆಯಿಲ್ ಡಿಪ್‌ಸ್ಟಿಕ್ಕಿನ ತುದಿ. ಪ್ಲಾಸ್ಟಿಕ್ ಕವರ್ ಹೊದಿಸಿ ರಬ್ಬರ್ ಬ್ಯಾಂಡ್ ಹಾಕಿ, ಅಂಕುಡೊಂಕು ಇದ್ದಲ್ಲಿ ಫಾಯಿಲ್ ಒತ್ತಿ ಕೂರಿಸಿ. ವಿ8ರಲ್ಲಿ ಎರಡೂ ಬದಿಯ ಕವರುಗಳ ಅಡಿಯಲ್ಲಿ ಕಿಡಿ ಹೊತ್ತಿಸುವ ಒಟ್ಟು ಎಂಟು ಇಗ್ನಿಷನ್ ಕಾಯಿಲ್‌ಗಳಿವೆ. ಅವು ಕೂತ ಬಾವಿಯೊಳಗೆ ನೀರು ಇಳಿದರೆ ಆಚೆ ಬರುವ ದಾರಿಯಿಲ್ಲ. ಎಂಜಿನ್ ನಡುಗುವುದು, ಚೆಕ್ ಎಂಜಿನ್ ದೀಪ ಹತ್ತುವುದು ಅನೇಕ ಸಲ ಇದೇ ಕಾರಣಕ್ಕೆ. ಬ್ಯಾಟರಿ ಟರ್ಮಿನಲ್ಲಿನಲ್ಲಿ ಬಿಳಿ-ಹಸಿರು ಪುಡಿ ಕಟ್ಟಿದ್ದರೆ ಮೊದಲು ನೆಗೆಟಿವ್ ತಂತಿ ಕಳಚಿ, ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ ಹಳೆಯ ಟೂತ್‌ಬ್ರಷ್ಷಿನಲ್ಲಿ ತಿಕ್ಕಿ. ಬ್ಯಾಟರಿ ಒಳಗೆ ಆ ನೀರು ಇಳಿಯಕೂಡದು. ಮತ್ತೆ ಜೋಡಿಸುವಾಗ ನೆಗೆಟಿವ್ ಕೊನೆಗೆ.

ಆಲ್ ಪರ್ಪಸ್ ಕ್ಲೀನರನ್ನು ಒಂದಕ್ಕೆ ಹತ್ತು ಪಾಲು ನೀರಿನಲ್ಲಿ ಬೆರೆಸಿ. ಗಟ್ಟಿ ಜಿಡ್ಡಿದ್ದ ಜಾಗಕ್ಕೆ ಒಂದಕ್ಕೆ ನಾಲ್ಕು. ಬಾಟಲಿಯ ಮೇಲೆ ಬೇರೆ ಅಳತೆ ಕೊಟ್ಟಿದ್ದರೆ ಅದೇ ಸರಿ. ಎಲ್ಲ ಕಡೆ ಒಟ್ಟಿಗೇ ಎರಚದೆ, ಎಂಜಿನ್ನನ್ನು ಮನಸ್ಸಿನಲ್ಲೇ ನಾಲ್ಕು ಭಾಗ ಮಾಡಿಕೊಂಡು ಒಂದೊಂದನ್ನೇ ಮುಗಿಸಿ. ಕೆಳಗಿನಿಂದ ಮೇಲಕ್ಕೆ ಸ್ಪ್ರೇ ಮಾಡಿದರೆ ಹರಿದ ಗೆರೆ ಬೀಳುವುದಿಲ್ಲ. ಎರಡು ಮೂರು ನಿಮಿಷ ಬಿಟ್ಟು, ಒಣಗುವ ಮೊದಲೇ ಬ್ರಷ್ ಆಡಿಸಿ. ವೈರಿನ ಪ್ಲಗ್ಗುಗಳ ಸುತ್ತ ಸ್ಪ್ರೇ ಬೇಡ, ಬ್ರಷ್ಷನ್ನೇ ಕ್ಲೀನರಿನಲ್ಲಿ ಅದ್ದಿ ಒರೆಸಿ. ಆಮೇಲೆ ಕೈಪಂಪಿನಿಂದ ಮಂಜಿನಂತೆ ನೀರು ಬಿಟ್ಟು ಮೇಲಿನಿಂದ ಕೆಳಗೆ ಜಾರಿಸಿ. ಒಂದು ಪಂಪು ನೀರಿನಲ್ಲಿ ಇಡೀ ಎಂಜಿನ್ ಮುಗಿಯಬೇಕು, ಮುಗಿಯುತ್ತದೆ.

ಪ್ರೆಶರ್ ವಾಷರನ್ನು ಇಲ್ಲಿ ತರಬೇಡಿ. ರೇಡಿಯೇಟರ್, ಇಂಟರ್‌ಕೂಲರಿನ ತೆಳು ರೆಕ್ಕೆಗಳು ಅದರ ಏಟಿಗೆ ಮಡಚಿಕೊಳ್ಳುತ್ತವೆ, ಕನೆಕ್ಟರುಗಳ ಸೀಲ್ ದಾಟಿ ನೀರು ನುಗ್ಗುತ್ತದೆ. ಡೀಸೆಲ್, ಸೀಮೆಎಣ್ಣೆ ಹೊಡೆಯುವ ಗ್ಯಾರೇಜು ಪದ್ಧತಿಯೂ ಬೇಡ. ಒಂದು ದಿನ ಮಿರಮಿರ ಮಿಂಚಿ ಮಾರನೆಯ ದಿನ ಊರಿನ ಧೂಳನ್ನೆಲ್ಲ ಅಂಟಿಸಿಕೊಳ್ಳುತ್ತದೆ, ರಬ್ಬರ್ ಹೋಸುಗಳು ಉಬ್ಬುತ್ತವೆ, ಬಿಸಿ ಎಕ್ಸಾಸ್ಟ್ ಪಕ್ಕದಲ್ಲಿ ಎಣ್ಣೆ ಎಂದರೆ ಬೆಂಕಿಗೆ ಕರೆ.

ಬಾನೆಟ್ ಅಡಿಯ ಹತ್ತಿಯಂಥ ಹೊದಿಕೆಯನ್ನು ನೆನೆಸದೆ, ವ್ಯಾಕ್ಯೂಮ್ ಮಾಡಿ ಒದ್ದೆ ಬಟ್ಟೆಯಿಂದ ತಟ್ಟಿ. ಎಲ್ಲ ಒರೆಸಿ, ಕವರುಗಳನ್ನು ತೆಗೆದು, ಸಂದಿಗೊಂದಿಯ ನೀರನ್ನು ಬ್ಲೋವರಿನಿಂದ ಊದಿ, ಬಾನೆಟ್ ತೆರೆದೇ ಅರ್ಧ ಗಂಟೆ ಬಿಡಿ. ನಂತರ ಹತ್ತು ನಿಮಿಷ ಎಂಜಿನ್ ಓಡಿಸಿ. ಬಯಲಲ್ಲಿ ಮಾತ್ರ, ಬೇಸ್‌ಮೆಂಟಿನಲ್ಲಿ ಅಲ್ಲ. ಎಂಜಿನ್ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಪ್ಲಾಸ್ಟಿಕ್ಕಿಗೆ ಕಪ್ಪು ಬರಿಸುವ ಡ್ರೆಸ್ಸಿಂಗ್ ಹಚ್ಚುವ ಆಸೆಯಿದ್ದರೆ ನೀರಿನಾಧಾರದ್ದನ್ನು ಬಟ್ಟೆಗೆ ಹಾಕಿಕೊಂಡು ಹಚ್ಚಿ, ಬೆಲ್ಟುಗಳಿಗೆ ತಾಗಬಾರದು. ನಾನಾದರೆ ಹಚ್ಚುವುದೇ ಇಲ್ಲ.

ಚಕ್ರ

ಚಕ್ರಕ್ಕೆ ಬೇರೆ ಬಕೆಟ್, ಬೇರೆ ಬಟ್ಟೆ. ಬ್ರೇಕ್ ಪ್ಯಾಡಿನಿಂದ ಉದುರುವುದು ಕಬ್ಬಿಣದ ಹುಡಿ. ಅದು ರಿಮ್ಮಿಗೆ ಕಚ್ಚಿಕೊಂಡಿದ್ದರೆ ಐರನ್ ರಿಮೂವರ್ ಹೊಡೆದಾಗ ನೇರಳೆ ಬಣ್ಣವಾಗಿ ಇಳಿಯುತ್ತದೆ, ಜೊತೆಗೆ ಕೊಳೆತ ಮೊಟ್ಟೆಯ ವಾಸನೆ. ಬ್ರೇಕ್ ತಣ್ಣಗಿರಬೇಕು, ದ್ರವ ಒಣಗುವ ಮೊದಲು ತೊಳೆಯಬೇಕು.

ಪೇಂಟು

ಇಂದಿನ ಕಾರುಗಳ ಪೇಂಟ್ ಪದರವೆಲ್ಲ ಸೇರಿ ಸುಮಾರು 100ರಿಂದ 150 ಮೈಕ್ರಾನ್. ಅದರಲ್ಲಿ ಮೇಲಿನ ಪಾರದರ್ಶಕ ಕ್ಲಿಯರ್ ಕೋಟ್ ಹೆಚ್ಚೆಂದರೆ 50 ಮೈಕ್ರಾನಿನ ಆಸುಪಾಸು, ತಲೆಗೂದಲಿಗಿಂತ ತೆಳು. ಹೊಳಪೆಲ್ಲ ಅಲ್ಲೇ ಇದೆ, ಗೀರು ಬೀಳುವುದೂ ಅಲ್ಲೇ. ಪಾಲಿಶ್ ಮಾಡಿಸಿದಾಗಲೆಲ್ಲ ಅದು ಒಂದಿಷ್ಟು ಸವೆಯುತ್ತದೆ. ಆದ್ದರಿಂದ ಗೀರು ತೆಗೆಸುವುದಕ್ಕಿಂತ ಗೀರು ಬೀಳದಂತೆ ತೊಳೆಯುವುದು ಅಗ್ಗ.

ನೆರಳಿನಲ್ಲಿ, ಬಾನೆಟ್ ತಣ್ಣಗಿರುವಾಗ ಶುರು ಮಾಡಿ. ಮೊದಲ ಕೆಲಸ ಮುಟ್ಟದೆ ಕೊಳೆ ಇಳಿಸುವುದು. ಕೈಪಂಪಿನಲ್ಲಿ ಶಾಂಪೂ ನೀರು ತುಂಬಿ ಇಡೀ ಕಾರಿಗೆ ಹೊಡೆದು ಐದು ನಿಮಿಷ ಬಿಡಿ, ನಂತರ ನೀರಿನಿಂದ ಜಾರಿಸಿ. ಸಡಿಲ ಮರಳು ಇಲ್ಲೇ ಹೋಗುತ್ತದೆ. ಆಮೇಲೆ ಒಂದು ಬಕೆಟ್ಟಿನಲ್ಲಿ ಶಾಂಪೂ, ಇನ್ನೊಂದರಲ್ಲಿ ಬರಿ ನೀರು. ಕೈಗವಸನ್ನು ಶಾಂಪೂವಿನಲ್ಲಿ ಅದ್ದಿ ಒಂದು ಭಾಗ ಒರೆಸಿ, ಬರಿ ನೀರಿನಲ್ಲಿ ಜಾಲಿಸಿ, ಹಿಂಡಿ, ಮತ್ತೆ ಶಾಂಪೂ. ಚಾವಣಿ, ಗಾಜು, ಬಾನೆಟ್, ಬಾಗಿಲ ಮೇಲ್ಭಾಗ, ಕೊನೆಗೆ ಕೆಳಭಾಗ ಮತ್ತು ಹಿಂದಿನ ಬಂಪರ್. ನೆಲಕ್ಕೆ ಹತ್ತಿರವಿರುವ ಕಾರಿನಲ್ಲಿ ಚಕ್ರದ ಹಿಂದಿನ ಪಟ್ಟಿಗಳೇ ಎಲ್ಲಕ್ಕಿಂತ ಕೊಳಕು, ಅವನ್ನು ಮುಟ್ಟಿದ ಕೈಗವಸು ಮತ್ತೆ ಮೇಲಕ್ಕೆ ಹೋಗಬಾರದು. ನೇರ ಗೆರೆಯಲ್ಲಿ ಒರೆಸಿ, ವೃತ್ತ ಬೇಡ, ಕೈಯ ಭಾರ ಹಾಕುವುದೂ ಬೇಡ.

ಬರಿ ಧೂಳು ಕೂತಿದ್ದರೆ ಇಷ್ಟು ನೀರೂ ಬೇಕಿಲ್ಲ. ರಿನ್ಸ್‌ಲೆಸ್ ವಾಷ್ ಎಂಬ ದ್ರವವನ್ನು ಒಂದು ಬಕೆಟ್ ನೀರಿಗೆ ಬೆರೆಸಿ, ಎಂಟು ಹತ್ತು ಬಟ್ಟೆ ಅದರಲ್ಲೇ ನೆನೆಹಾಕಿ, ಬಟ್ಟೆಯ ಒಂದೊಂದು ಮಡಿಕೆಯಿಂದ ಒಂದೊಂದು ಭಾಗ ಒರೆಸಿ ಒಣಗಿಸುತ್ತ ಹೋಗುವುದು. ಬಳಸಿದ ಬಟ್ಟೆ ಮತ್ತೆ ಬಕೆಟ್ಟಿಗೆ ಹೋಗುವುದಿಲ್ಲ. ನಗರದಲ್ಲಿರುವವರಿಗೆ ನಾನು ಹೇಳುವುದು ಇದನ್ನೇ. ಮಲೆನಾಡಿನ ಮಳೆಯಲ್ಲಿ ಕೆಮ್ಮಣ್ಣು ಮೆತ್ತಿಕೊಂಡು ಬಂದ ಕಾರಿಗೆ ಮಾತ್ರ ಈ ದಾರಿ ಸಲ್ಲದು.

ಒಣಗಿಸುವಾಗ ಟವೆಲ್ಲನ್ನು ಹಾಸಿ ಒತ್ತಿ ಎತ್ತಿ. ಬಾಗಿಲ ಅಂಚು, ಡಿಕ್ಕಿಯ ಅಂಚು, ಪೆಟ್ರೋಲ್ ಮುಚ್ಚಳದೊಳಗಿನ ನೀರನ್ನು ಮರೆಯದೆ ತೆಗೆಯಿರಿ, ಸಂಜೆಯವರೆಗೂ ಅಲ್ಲಿಂದಲೇ ಗೆರೆ ಇಳಿಯುತ್ತಿರುತ್ತದೆ.

ಹಟಮಾರಿ ಕಲೆಗಳಿಗೆ ಒಂದೊಂದಕ್ಕೆ ಒಂದೊಂದು ಮದ್ದು. ಹಕ್ಕಿ ಹಿಕ್ಕೆ ಆಮ್ಲೀಯ, ಜೊತೆಗೆ ಅದರಲ್ಲಿ ಕಾಳಿನ ಚೂರಿರುತ್ತದೆ. ಒದ್ದೆ ಬಟ್ಟೆ ಹೊದಿಸಿ ಐದು ನಿಮಿಷ ಬಿಟ್ಟು ಎತ್ತಿ. ಮರದ ಅಂಟಿಗೆ ಐಸೊಪ್ರೊಪೈಲ್ ಆಲ್ಕೋಹಾಲ್. ಟಾರಿಗೆ ಟಾರ್ ರಿಮೂವರ್. ಬೋರ್ ನೀರಿನ ಬಿಳಿ ಕಲೆಗೂ, ಪಕ್ಕದ ಕಟ್ಟಡದಿಂದ ಹಾರಿದ ಸಿಮೆಂಟ್ ಹನಿಗೂ ಬಿಳಿ ವಿನೆಗರಿಗೆ ಸಮ ನೀರು ಬೆರೆಸಿ, ಕಾಣದ ಮೂಲೆಯಲ್ಲಿ ಪರೀಕ್ಷಿಸಿ ಹಚ್ಚಿ, ಬೇಗ ತೊಳೆಯಿರಿ. ಬ್ರೇಕ್ ಆಯಿಲ್ ಚೆಲ್ಲಿದರೆ ಯೋಚಿಸುತ್ತ ನಿಲ್ಲಬೇಡಿ, ತಕ್ಷಣ ಧಾರಾಳವಾಗಿ ನೀರು ಸುರಿಯಿರಿ. ಅದು ಪೇಂಟನ್ನೇ ತಿನ್ನುತ್ತದೆ.

ಆಯುಧ ಪೂಜೆಯ ಮಾರನೆ ದಿನ ಬೇರೆಯೇ ಸಂಗತಿ. ಕುಂಕುಮ, ಅರಿಶಿನ, ಗಂಧ, ಬೂದುಗುಂಬಳದ ಚೂರು ಎಲ್ಲವೂ ಬಾನೆಟ್ ಮೇಲೆ ಒಣಗಿರುತ್ತವೆ. ಒರೆಸಲು ಹೋದರೆ ಕುಂಕುಮದ ಹರಳು ಗೀರುತ್ತದೆ. ಮೊದಲು ನೀರು ಬಿಟ್ಟು ಇಳಿಸಿ, ಆಮೇಲೆ ಶಾಂಪೂ. ಬಿಳಿ ಕಾರಿನಲ್ಲಿ ಅರಿಶಿನದ ಹಳದಿ ಉಳಿದರೆ ಗಾಬರಿ ಬೇಡ, ತೊಳೆದ ಮೇಲೆ ಬಿಸಿಲಿಗೆ ನಿಲ್ಲಿಸಿದರೆ ದಿನ ಕಳೆದಂತೆ ತಾನೇ ಮಾಸುತ್ತದೆ. ಪೂಜೆಗೆ ಮುಂಚೆ ಒಂದು ಪದರ ವ್ಯಾಕ್ಸ್ ಹಚ್ಚಿಟ್ಟು, ಪುರೋಹಿತರಿಗೆ ಸ್ವಸ್ತಿಕವನ್ನು ಮುಂದಿನ ಗಾಜಿನ ಮೇಲೆ ಬರೆಯಲು ವಿನಂತಿಸಿಕೊಳ್ಳಿ. ದೇವರು ಬೇಡವೆನ್ನಲಾರ. ಚೆಂಡುಹೂವಿನ ಹಾರ ಕಟ್ಟಿಕೊಂಡು ಊರು ಸುತ್ತಬೇಡಿ, ಗಾಳಿಗೆ ಅದರ ದಾರ ಪೇಂಟನ್ನು ಉಜ್ಜುತ್ತಲೇ ಇರುತ್ತದೆ.

ತೊಳೆದು ಒಣಗಿದ ಪೇಂಟಿನ ಮೇಲೆ ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಸವರಿ. ತರಿತರಿ ಎಂದರೆ ಕ್ಲೇ ಬಾರ್, ಅಂದರೆ ಕಚ್ಚಿಕೊಂಡ ಕೊಳೆಯನ್ನು ಎತ್ತುವ ಜೇಡಿಯಂಥ ಮೆತ್ತನೆ ಮುದ್ದೆ ಬೇಕು. ಚೆನ್ನಾಗಿ ಜಾರುವ ದ್ರವ ಹೊಡೆದು ಮೆಲ್ಲಗೆ ಆಡಿಸಿ, ಕೊಳೆಯಾದ ಮುಖವನ್ನು ಮಡಚುತ್ತಿರಿ. ನೆಲಕ್ಕೆ ಬಿದ್ದ ಕ್ಲೇ ಕಸದ ಬುಟ್ಟಿಗೆ, ಎಷ್ಟೇ ಬೆಲೆಯಿರಲಿ. ವರ್ಷಕ್ಕೆ ಒಂದೆರಡು ಸಲ ಸಾಕು. ಮ್ಯಾಟ್ ಪೇಂಟಿಗೆ ಕ್ಲೇ, ಪಾಲಿಶ್, ವ್ಯಾಕ್ಸ್ ಯಾವುದೂ ಕೂಡದು. ಅದರ ಶಾಂಪೂವೇ ಬೇರೆ. ಯಂತ್ರದ ಪಾಲಿಶ್ ಮಾಡಲೇಬೇಕೆಂದರೆ ಮೊದಲು ಗುಜರಿಯಿಂದ ತಂದ ಹಳೆಯ ಬಾನೆಟ್ ಮೇಲೆ ಕೈ ಪಳಗಿಸಿಕೊಳ್ಳಿ.

ಕೊನೆಯ ಪದರಕ್ಕೆ ಕಾರ್ನಾಬಾ ವ್ಯಾಕ್ಸ್ ಬೆಚ್ಚನೆಯ ಹೊಳಪು ಕೊಡುತ್ತದೆ, ಆದರೆ ನಮ್ಮ ಬಿಸಿಲಿಗೆ ಕೆಲವು ವಾರವಷ್ಟೇ. ಸಿಂಥೆಟಿಕ್ ಸೀಲೆಂಟ್ ಕೆಲವು ತಿಂಗಳು ಬಾಳುತ್ತದೆ. ಸೆರಾಮಿಕ್ ಕೋಟಿಂಗ್ ಇನ್ನೂ ಹೆಚ್ಚು ಕಾಲ, ಆದರೆ ಕಲ್ಲೇಟಿನ ಚುಕ್ಕೆ ತಡೆಯುತ್ತದೆ ಎಂದು ಅಂಗಡಿಯವರು ಹೇಳಿದರೆ ನಂಬಬೇಡಿ. ಅದಕ್ಕೆ ಪೇಂಟಿನ ಮೇಲೆ ಅಂಟಿಸುವ ಪಾರದರ್ಶಕ ರಕ್ಷಣಾ ಹಾಳೆ, ಪಿಪಿಎಫ್, ಬೇಕು. ಯಾವುದನ್ನೇ ಹಚ್ಚಿದರೂ ತೆಳುವಾಗಿ ಹಚ್ಚಿ.

ಎಲ್ಲ ಮುಗಿದ ಮೇಲೆ ಕಾರನ್ನು ಒಂದೆರಡು ಕಿಲೋಮೀಟರ್ ಓಡಿಸಿ, ನಾಲ್ಕಾರು ಸಲ ಬ್ರೇಕ್ ಒತ್ತಿ ಡಿಸ್ಕ್ ಒಣಗಿಸಿ. ಒದ್ದೆ ಡಿಸ್ಕಿಗೆ ರಾತ್ರಿಯಿಡೀ ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಪ್ಯಾಡ್ ತುಕ್ಕಿಗೆ ಅಂಟಿಕೊಳ್ಳುತ್ತದೆ. ಧೂಳು ಕೂತ ಕಾರಿಗೆ ಕವರ್ ಹೊದಿಸಬೇಡಿ. ಮೈಕ್ರೋಫೈಬರ್ ಬಟ್ಟೆಗಳನ್ನು ಹತ್ತಿ ಬಟ್ಟೆಯ ಜೊತೆ ಸೇರಿಸದೆ, ಕಂಫರ್ಟಿನಂಥ ಫ್ಯಾಬ್ರಿಕ್ ಕಂಡೀಷನರ್ ಹಾಕದೆ ಒಗೆದು ನೆರಳಲ್ಲಿ ಒಣಗಿಸಿ. ಎಂಜಿನ್ನಿಗೆ ಬಳಸಿದವು ಮುಂದೆಯೂ ಎಂಜಿನ್ನಿಗೇ. ಅವಕ್ಕೆ ಕಪ್ಪು ದಾರದಲ್ಲಿ ಗುರುತು ಹೊಲಿದಿಡಿ.